ನೆಲದಡಿಯ ಲೆಕ್ಕವೂ ನಮ್ಮ ಮನೆಯ ಗೋಡೆಯೂ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



"ಇಂಥ ದಿನ ಭೂಕಂಪ ಆಗ್ತದೆ ಅಂತ ಕಂಪ್ಯೂಟರ್ ಹೇಳಿದೆಯಂತೆ" ಎಂಬ ಸುದ್ದಿ ಕೇಳಿದರೆ ನಾವೆಲ್ಲ ಹೆದರುತ್ತೇವೆ. ಆದರೆ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ನಿಜವಾಗಿ ಮಾಡುವುದೇನು?

ನಮ್ಮ ಸಂಘದ ಪಾಸ್‌ಪುಸ್ತಕವನ್ನೇ ನೋಡಿ. ವಾರ ವಾರ ಹಾಕಿದ ಸಣ್ಣ ಉಳಿತಾಯ ದೊಡ್ಡ ಮೊತ್ತವಾಗುತ್ತದೆ. ನೇಪಾಳದ ನೆಲದಡಿಯೂ ಹೀಗೇ ಜಮೆ ನಡೆದಿದೆ. ಭಾರತದ ನೆಲ ವರ್ಷಕ್ಕೆ ಸುಮಾರು 2 ಸೆಂ.ಮೀ. ಹಿಮಾಲಯದ ಕೆಳಗೆ ನುಗ್ಗುತ್ತಿದೆ. ಅಲ್ಲಿಯ ದೊಡ್ಡ ಬಿರುಕು, ಅಂದರೆ ಸ್ತರಭಂಗ, ಕಚ್ಚಿಕೊಂಡಿರುವುದರಿಂದ ಒತ್ತಡ ಸೇರುತ್ತಾ ಹೋಗುತ್ತದೆ. ಒಂದು ದಿನ ಬಂಡೆ ಜಾರುತ್ತದೆ. ಅದೇ ಭೂಕಂಪ.

2015ರ ಏಪ್ರಿಲ್ 25ರಂದು ಅಲ್ಲಿ 7.8 ಪ್ರಮಾಣದ ಭೂಕಂಪವಾಗಿ ಸುಮಾರು 9 ಸಾವಿರ ಜನ ತೀರಿಕೊಂಡರು. ಉಪಗ್ರಹಗಳು ಮೊದಲು ಮತ್ತು ನಂತರ ತೆಗೆದ ರೇಡಾರ್ ಚಿತ್ರಗಳನ್ನು ಹೋಲಿಸಿದಾಗ ಕಠ್ಮಂಡುವಿನ ಹತ್ತಿರ ನೆಲ ಸುಮಾರು 1 ಮೀಟರ್ ಮೇಲೆದ್ದಿತ್ತು. ಉತ್ತರದ ಬೆಟ್ಟಗಳ ಕಡೆ ತಗ್ಗಿತ್ತು. ವಿಜ್ಞಾನಿಗಳು ಅದೇ ಬಿರುಕನ್ನು ಕಂಪ್ಯೂಟರಿನಲ್ಲಿ ರಚಿಸಿ, ಇಲ್ಲಿ ಇಷ್ಟು, ಅಲ್ಲಿ ಅಷ್ಟು ಜಾರಿಸಿ, ಲೆಕ್ಕದ ನೆಲವೂ ನಿಜವಾದ ನೆಲವೂ ತಾಳೆಯಾಗುವ ತನಕ ನೋಡಿದರು. ಬಿರುಕಿನ ಆಳದ ಭಾಗ ಜಾರಿದೆ, ದಕ್ಷಿಣಕ್ಕಿರುವ ಮೇಲಿನ ಭಾಗ ಇನ್ನೂ ಕಚ್ಚಿಕೊಂಡಿದೆ ಎಂದು ಹೀಗೆ ತಿಳಿಯಿತು. ಅಂದರೆ ಅಲ್ಲಿ ಬಾಕಿ ಉಳಿದಿದೆ.

ಆ ಬಾಕಿ ಯಾವತ್ತು ತೀರುತ್ತದೆ ಎಂದು ಮಾತ್ರ ಯಾವ ಕಂಪ್ಯೂಟರೂ ಹೇಳಲಾರದು. ಅಷ್ಟು ಆಳದ ಬಂಡೆಯ ಹಿಡಿತವನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ಆದ್ದರಿಂದ ದಿನಾಂಕ ಹೇಳುವವರನ್ನು ನಂಬಬೇಡಿ.

ಮತ್ತೆ ಇದರಿಂದ ಏನು ಉಪಯೋಗ ಅಂತೀರಾ? ಅಣಕು ಭೂಕಂಪ ಮಾಡಿ ನೋಡಿದರೆ ಎಲ್ಲಿ ನೆಲ ಹೆಚ್ಚು ಅಲುಗುತ್ತದೆ, ಯಾವ ತರಹದ ಕಟ್ಟಡಕ್ಕೆ ಅಪಾಯ ಎಂದು ಮೊದಲೇ ತಿಳಿಯುತ್ತದೆ.

ನಮ್ಮ ಗಡಿಯಾಚೆಯ ಕಿಲ್ಲಾರಿಯನ್ನು ಮರೆಯಬಾರದು. ಅತಿ ಕಡಿಮೆ ಅಪಾಯದ ಜಾಗ ಎಂದುಕೊಂಡಿದ್ದ ಆ ಕಡೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿತು. ಮಲಗಿದ್ದವರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದವು. ಹತ್ತಿರ ಹತ್ತಿರ 10 ಸಾವಿರ ಜೀವ ಹೋದವು.

ಸಹೋದರಿಯರೇ, ಮನೆ ಕಟ್ಟಲು ಸಂಘದಿಂದ ಸಾಲ ಕೊಡುವಾಗ ಮೇಸ್ತ್ರಿಯನ್ನು ಮೂರು ಮಾತು ಕೇಳೋಣ. ಬಾಗಿಲು, ಕಿಟಕಿಗಳ ಮೇಲೆ ಮನೆಯ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕುತ್ತೀರಾ? ಮೂಲೆಗಳಲ್ಲಿ ಕಬ್ಬಿಣ ನಿಲ್ಲಿಸುತ್ತೀರಾ? ಕಲ್ಲಿನ ಗೋಡೆಯಾದರೆ ಎರಡೂ ಮುಖ ಹಿಡಿಯುವ ಉದ್ದಗಲ್ಲು ಇಡುತ್ತೀರಾ? ಖರ್ಚು ಸ್ವಲ್ಪ ಹೆಚ್ಚಾದೀತು. ಆದರೂ ಈ ಪ್ರಶ್ನೆಗಳು ನಮ್ಮ ಠರಾವು ಪುಸ್ತಕಕ್ಕೆ ಸೇರಲಿ.