ಸಿಹಿಗುಂಬಳ–ಬಾಳೆಹಣ್ಣಿನ ಕೆಂಡದ ಕಡುಬು
(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನವರಾತ್ರಿಯ ಹೊತ್ತಿಗೆ ಸಿಹಿಗುಂಬಳದ ಬಳ್ಳಿ ಒಣಗಿ ಕಾಯಿಗಳು ಮನೆ ಸೇರುತ್ತವೆ. ಬೆಲೆಯಿಲ್ಲವೆಂದು ಎಲ್ಲವನ್ನೂ ದನಗಳಿಗೆ ಹಾಕಬೇಡಿ. ಇದರ ಹಳದಿ ತಿರುಳಿನ ಕೆರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗುತ್ತದೆ. ಅದರ ಕೊರತೆಯಾದರೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. 'ಅರ್ಕಾ ಚಂದನ್' ತಳಿಯಲ್ಲಿ ಕೆರೋಟಿನ್ ಹೇರಳವಾಗಿದೆ.

ತುರಿದ ಕುಂಬಳ 4 ಲೋಟ, ಬೆಲ್ಲ 1½ ಲೋಟ ಸೇರಿಸಿ, ಬೆಲ್ಲ ಕರಗುವವರೆಗೆ ಬಿಸಿ ಮಾಡಿ. ಆರಿದ ಮೇಲೆ ಹುರಿದ ರವೆ 2 ಲೋಟ, ಕಾಯಿತುರಿ 1 ಲೋಟ, ಕಿವುಚಿದ ಬಾಳೆಹಣ್ಣು 2, ಏಲಕ್ಕಿ, ಚಿಟಿಕೆ ಉಪ್ಪು, 4 ಚಮಚ ತುಪ್ಪ ಬೆರೆಸಿ. ಇಡ್ಲಿ ಹಿಟ್ಟಿನ ಹದಕ್ಕೆ ಬರುವಷ್ಟು ತೆಂಗಿನ ಹಾಲು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ದಪ್ಪ ತಳದ ಪಾತ್ರೆಗೆ ಬಾಡಿಸಿದ ಬಾಳೆಲೆ ಹಾಸಿ ಹಿಟ್ಟು ಸುರಿಯಿರಿ. ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ ಹರಡಿ. ಸುಮಾರು 1 ಗಂಟೆಯ ನಂತರ ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದಿದ್ದರೆ ಬೆಂದಿದೆ.

ತುಪ್ಪ ಬಿಡಬೇಡಿ. ಜಿಡ್ಡಿದ್ದರೇನೇ ಕೆರೋಟಿನ್ ಮೈಗೆ ಹತ್ತುವುದು.

ತೊಟ್ಟು ಮುರಿದ, ಪೆಟ್ಟು ಬಿದ್ದ ಕಾಯಿಗಳನ್ನು ಮೊದಲು ಬಳಸಿ. ತೊಟ್ಟಿರುವ ಬಲಿತ ಕಾಯಿಗಳನ್ನು ಗಾಳಿಯಾಡುವ ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಕೆಲವು ತಿಂಗಳು ಬಾಳುತ್ತವೆ. ಈ ಹಬ್ಬಕ್ಕೆ ಒಮ್ಮೆ ಮಾಡಿ, ಮಕ್ಕಳಿಗೆ ಬಿಸಿಬಿಸಿಯಾಗಿ ಬಡಿಸಿ.