ಕಾರವಾರದ ಕಡಲು, ಹೊನ್ನಾವರದ ಹೊಳೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



2025ರ ಜನವರಿಯಲ್ಲಿ ನಮ್ಮ ಮಕ್ಕಳನ್ನು ಕಾರವಾರ ಮತ್ತು ಹೊನ್ನಾವರಕ್ಕೆ ಕರೆದುಕೊಂಡು ಹೋಗಿದ್ದೆವು. ಆ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹಿರಿಯರು ಹೇಳಿದ್ದಾರೆ. ಪ್ರವಾಸದ ವರದಿಯನ್ನು ಮಕ್ಕಳೇ ಚೆನ್ನಾಗಿ ಬರೆದಿದ್ದಾರೆ. ನಾನು ಬೇರೆ ಒಂದು ಕಡೆಯಿಂದ ಆರಂಭಿಸುತ್ತೇನೆ.

ಪ್ರವಾಸದ ಸೂಚನೆ ಹೊರಡಿಸಿದಾಗ ಎಂಟು ಮತ್ತು ಒಂಬತ್ತನೇ ತರಗತಿಯ ಗಂಡುಮಕ್ಕಳು ಎರಡೇ ದಿನದಲ್ಲಿ ಹೆಸರು ಕೊಟ್ಟರು. ಇಪ್ಪತ್ನಾಲ್ಕು ಹೆಣ್ಣುಮಕ್ಕಳಲ್ಲಿ ಹೆಸರು ಕೊಟ್ಟವರು ಒಂಬತ್ತು ಜನ ಮಾತ್ರ. ಪಾಲಕರನ್ನು ನಾನು ದೂರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿಯನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದರು. ನಾನೂ ಎರಡು ಹೆಣ್ಣುಮಕ್ಕಳ ತಂದೆ. ಆದರೆ ಅದೇ ಹೆದರಿಕೆ ಗಂಡುಮಕ್ಕಳ ವಿಷಯದಲ್ಲಿ ಯಾಕೆ ಬರಲಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿದೆ. ಮಕ್ಕಳು ಪಾದ ನೆನೆಯುವಷ್ಟಕ್ಕಿಂತ ಹೆಚ್ಚು ನೀರಿಗೆ ಇಳಿಯುವುದಿಲ್ಲ ಎಂದು ಬರೆದುಕೊಟ್ಟೆ. ಕೊನೆಗೆ ಹತ್ತೊಂಬತ್ತು ಹೆಣ್ಣುಮಕ್ಕಳಾದರು. ಒಂದು ಮನೆಯಲ್ಲಿ ತಂದೆ ಒಪ್ಪಲೇ ಇಲ್ಲ. ಆಗ ಒಳಗಿನಿಂದ ಆ ಹುಡುಗಿಯ ದಾದಿಮಾ ಬಂದು, ತಾವೂ ಮೊಮ್ಮಗಳ ಜೊತೆ ಬರುವುದಾಗಿ ಹೇಳಿದರು. ಅವರಿಗೆ ಎಪ್ಪತ್ತು ದಾಟಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು.

ಬೆಳಗಿನ ನಾಲ್ಕಕ್ಕೆ ಮುಂಡರಗಿ ಬಿಟ್ಟೆವು. ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ಆ ವಿವರ ಬೇಡ. ಆದರೆ ಈ ದಾರಿ ನಮಗೆ ಹೊಸದಲ್ಲ ಎಂಬುದನ್ನು ಮಾತ್ರ ಹೇಳಬೇಕು. ನಮ್ಮ ಎರೆಹೊಲದ ಹತ್ತಿ ರೈಲು ಬರುವುದಕ್ಕೆ ಮೊದಲು ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕಡಲಿಗೆ ಹೋಗುತ್ತಿತ್ತು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಧಾರವಾಡ ಸೀಮೆಯ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. ಬೆಳೆದವರು ನಾವು, ಹೆಸರು ಕುಮಟಾದ್ದು! 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿಗೆ ಹತ್ತಿ ಸಿಗದಾದಾಗ ನಮ್ಮ ಹತ್ತಿಗೆ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ವಿಚಾರವೂ ಇತ್ತು. 1880ರ ದಶಕದಲ್ಲಿ ರೈಲು ಗೋವೆಯ ಮಾರ್ಮಗೋವಾ ಬಂದರಿಗೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಕಾರವಾರ ಅಂದುಕೊಂಡಷ್ಟು ಬೆಳೆಯಲಿಲ್ಲ. ಅದರಿಂದಲೇ ಏನೋ, ಆ ಕಡಲ ದಂಡೆ ಇನ್ನೂ ಕಣ್ಣಿಗೆ ತಂಪಾಗಿದೆ.

ಹೊಳೆ ಎಂದರೆ ಹಮ್ಮಿಗಿಯ ತುಂಗಭದ್ರೆ ಎಂದಷ್ಟೇ ತಿಳಿದ ಮಕ್ಕಳು ಕಡಲನ್ನು ನೋಡಿ ಮೊದಲು ಮಾತೇ ಆಡಲಿಲ್ಲ. ಆಮೇಲೆ ಒಬ್ಬ, "ಸರ್, ಆಚೆ ದಂಡಿ ಎಲ್ಲೈತ್ರಿ?" ಎಂದ. ಭೂಗೋಳದಲ್ಲಿ ಅರಬ್ಬೀ ಸಮುದ್ರವನ್ನು ಎಷ್ಟೋ ಸಲ ನಕಾಶೆಯಲ್ಲಿ ತೋರಿಸಿದ್ದೆ. ಆ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರರು ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿದ್ದನ್ನು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದೂ ಇಲ್ಲಿಯೇ. ಗಂಡುಮಕ್ಕಳಿಗೆ ಇದಾವುದೂ ಬೇಕಿರಲಿಲ್ಲ, ದಂಡೆಯ ಮೇಲೆ ನಿಲ್ಲಿಸಿದ ಯುದ್ಧನೌಕೆ ಸಾಕಾಗಿತ್ತು.

ಮರುದಿನ ಹೊನ್ನಾವರ. ಶರಾವತಿ ಕಡಲು ಸೇರುವ ಊರು. ಜೋಗದಲ್ಲಿ ಬಿದ್ದ ನೀರೇ ಇಲ್ಲಿ ಇಷ್ಟು ಅಗಲವಾಗಿ, ಸಮಾಧಾನವಾಗಿ ಹರಿಯುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದವಿದೆ. ಅದರ ಮೇಲೆ ರೈಲು ಹೋಗುವವರೆಗೆ ನಾವು ಕಾದು ನಿಂತೆವು.

ಹೊನ್ನಾವರಕ್ಕೇ ಯಾಕೆ ಹೋದೆವು ಎಂದು ಕೆಲವರು ಕೇಳಿದ್ದೀರಿ. ಕಾರಣ ಇಬ್ನ್ ಬತೂತಾ. ಮೊರಾಕ್ಕೊ ದೇಶದ ಈ ಪ್ರವಾಸಿ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಊರನ್ನು 'ಹಿನವರ್' ಎಂದು ಕರೆದಿದ್ದಾನೆ. ಅಲ್ಲಿನ ಸುಲ್ತಾನ ಜಮಾಲುದ್ದೀನ್, ಅವನ ಮೇಲೊಬ್ಬ ಹಿಂದೂ ಅರಸ. ಜನರ ಬದುಕು ಕಡಲ ವ್ಯಾಪಾರದ್ದು. ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ ಎಂದು ಬರೆದಿದ್ದಾನೆ. ಮೂಗಿನ ಚಿನ್ನದ ನತ್ತನ್ನೂ ಬಿಟ್ಟಿಲ್ಲ. ಆ ಹೆಂಗಸರಿಗೆ ಕುರಾನ್ ಕಂಠಪಾಠವಾಗಿತ್ತಂತೆ. ಮುಂದೆ ಶಾಲೆಗಳ ಲೆಕ್ಕ ಕೊಡುತ್ತಾನೆ: ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13. ಇಂಥದ್ದನ್ನು ಬೇರೆ ಎಲ್ಲಿಯೂ ಕಾಣಲಿಲ್ಲ ಎನ್ನುತ್ತಾನೆ. ಮೆಕ್ಕಾ, ದಮಾಸ್ಕಸ್, ದೆಹಲಿಗಳನ್ನು ನೋಡಿ ಬಂದ ಮನುಷ್ಯ ಹೇಳಿದ ಮಾತು ಇದು. ಅವನ ಎಲ್ಲ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೂ ಹೆಣ್ಣುಮಕ್ಕಳ ಶಾಲೆ ಒಂದು ಎರಡಲ್ಲ, ಎಣಿಸುವಷ್ಟು ಇದ್ದವು ಎಂಬುದು ಸಣ್ಣ ಮಾತಲ್ಲ.

ಹೊಳೆಯ ದಂಡೆಯಲ್ಲಿ ಮಕ್ಕಳನ್ನು ಕೂಡಿಸಿ ಇದನ್ನು ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದೆ. ವಿಯೆಟ್ನಾಂ ದೇಶದ ಹೋಯಿ ಆನ್ ಎಂಬ ಊರಿನ ಚಿತ್ರವನ್ನೂ ತೋರಿಸಿದೆ. ಅದೂ ಹೊಳೆದಂಡೆಯ ಹಳೆಯ ಬಂದರು. ಚೀನಾ, ಜಪಾನಿನ ವ್ಯಾಪಾರಿಗಳು ಬಂದು ಮನೆ ಕಟ್ಟಿದ್ದರು. ಜಪಾನಿ ಸೇತುವೆ ಎಂದೇ ಕರೆಯುವ ಮಾಡು ಹಾಕಿದ ಸೇತುವೆ ಇಂದಿಗೂ ಇದೆ. ಹೊಳೆಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬಾರದಾದವು, ವ್ಯಾಪಾರ ಉತ್ತರದ ಕಡಲತೀರದ ದಾ ನಾಂಗ್ ನಗರಕ್ಕೆ ಹೋಯಿತು. ಹೋಯಿ ಆನ್ ಊರನ್ನು ಯಾರೂ ಕೆಡವಿ ಕಟ್ಟಲಿಲ್ಲವಾದ್ದರಿಂದ ಹಳೆಯ ಮನೆಗಳು ಉಳಿದವು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣ ಎಂದು ಘೋಷಿಸಿತು. ಹೊನ್ನಾವರಕ್ಕೆ ಆ ಅದೃಷ್ಟವಿರಲಿಲ್ಲ. 1505ರಲ್ಲಿ ಪೋರ್ಚುಗೀಸರು ಇಲ್ಲಿನ ಹಡಗುಗಳನ್ನು ಸುಟ್ಟರು. ಮುಂದೆ ಒಬ್ಬರಾದ ಮೇಲೆ ಒಬ್ಬರು ಇದಕ್ಕಾಗಿ ಬಡಿದಾಡಿದರು.

ನಾನು ಹೇಳಿ ಮುಗಿಸಿದ ಮೇಲೆ ಮಕ್ಕಳು ಐಸ್‌ಕ್ರೀಮ್ ಗಾಡಿಯ ಕಡೆ ಓಡಿದರು. ದಾದಿಮಾ ಮಾತ್ರ ಎದ್ದು ನನ್ನ ಹತ್ತಿರ ಬಂದರು.

"ಮಾಸ್ತರ, ಆ ಹೆಣ್ಣುಹುಡಿಗ್ಯಾರ ಹದಿಮೂರು ಸಾಲಿ ಎಲ್ಲಿದ್ವು? ತೋರಸ್ರಿ."

"ಅಮ್ಮಾ, ಏನೂ ಉಳಿದಿಲ್ಲರೀ. ಯಾವ ಜಾಗದಾಗ ಇದ್ದವು ಅಂತ ತೋರಿಸಾಕ ಬರೂದಿಲ್ಲ."

"ಒಂದರ?"

"ಒಂದೂ ಇಲ್ಲರೀ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಹಂಗಾದ್ರ ಹೊಳಿನಾದ್ರೂ ನೋಡೂಣು" ಎಂದು ಸೆರಗು ಸರಿಮಾಡಿಕೊಂಡು ಅಲ್ಲಿಯೇ ಕಲ್ಲಿನ ಮೇಲೆ ಕೂತರು. ಮೊಮ್ಮಗಳನ್ನು ಕರೆದು, ಮಾಸ್ತರರು ಹೇಳಿದ್ದನ್ನು ಬರೆದುಕೊಂಡಿದ್ದೀಯಲ್ಲ, ಇನ್ನೊಮ್ಮೆ ಓದು ಎಂದರು. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಹುಡುಗಿ ಓದುತ್ತಲೇ ಇದ್ದಳು.