ಹಸಿವೂ ಹಂಬಲವೂ

ಮನುಷ್ಯನನ್ನು ನಡೆಸುವ ಬಯಕೆಗಳಿಗೆ ಒಂದು ಸರದಿಯಿದೆಯೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಬರೆದರು. ಮೊದಲು ಅನ್ನ, ಅನಂತರ ಅಭಯ, ಆಮೇಲೆ ಒಲವು, ಮನ್ನಣೆ. ಕಟ್ಟಕಡೆಗೆ, ತನ್ನಲ್ಲಿರುವ ಶಕ್ತಿ ಪೂರ್ಣವಾಗಿ ಅರಳಬೇಕೆಂಬ ಹಂಬಲ. ತೀರ ಹಸಿದವನಿಗೆ ಅನ್ನದ ಹೊರತು ಬೇರೆ ಚಿಂತೆಯಿರದು ಎಂಬುದು ಅವರ ಅಭಿಪ್ರಾಯ.

ಮರುವರ್ಷವೇ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟರು. ಅವರಿಗೆ ಊಟದ್ದೇ ಮಾತು, ಊಟದ್ದೇ ಧ್ಯಾನ. ಕೆಲವರಂತೂ ಪಾಕಶಾಸ್ತ್ರದ ಪುಸ್ತಕಗಳನ್ನೇ ಕೂಡಿಹಾಕತೊಡಗಿದರು! ಮ್ಯಾಸ್ಲೊ ಅವರ ಮಾತು ಸಿದ್ಧವಾಯಿತೆನ್ನೋಣವೆ? ಸ್ವಲ್ಪ ತಡೆಯೋಣ. ಈ ತರುಣರು ಕೊಲ್ಲುವುದು ಸಲ್ಲದೆಂದು ಯುದ್ಧಕ್ಕೆ ಹೋಗಲೊಪ್ಪದವರು. ಯುದ್ಧದಿಂದ ಕಂಗೆಟ್ಟು ಹಸಿದ ಜನಕ್ಕೆ ನೆರವಾಗಲೆಂದು ತಾವಾಗಿಯೇ ಹಸಿವನ್ನು ಒಪ್ಪಿಕೊಂಡವರು. ಆದರ್ಶಕ್ಕಾಗಿ ಎಲ್ಲವನ್ನೂ ತೊರೆಯುವವರುಂಟೆಂದು ಮ್ಯಾಸ್ಲೊ ಅದೇ ಲೇಖನದಲ್ಲಿ ಹೇಳಿದ್ದರು. ಪಠ್ಯಪುಸ್ತಕಗಳು ಅವರ ಹೆಸರಿನಲ್ಲಿ ಮುದ್ರಿಸುವ ತ್ರಿಕೋನದಲ್ಲಿ (ಅದನ್ನು ಬರೆದವರು ಅವರಲ್ಲ) ಆ ಮಾತಿಗೆ ಸ್ಥಳ ಸಿಕ್ಕಿಲ್ಲ.